ಎಕ್ಸ್‌ನಿಂದ ವೇಲ್ಯಾಂಡ್‌ಗೆ: ದುರಸ್ತಿ ಮತ್ತು ಮರುರಚನೆಯ ನಲವತ್ತು ವರ್ಷ

ಯುನಿಕ್ಸ್ ಮತ್ತು ಲಿನಕ್ಸ್ ಕಂಪ್ಯೂಟರ್‌ಗಳ ಪರದೆಯ ಮೇಲೆ ವಿಂಡೋಗಳನ್ನು ಮೂಡಿಸುವ ಎಕ್ಸ್ ವಿಂಡೋ ಸಿಸ್ಟಂ 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿತು. ಬಾಬ್ ಶೀಫ್ಲರ್ ಮತ್ತು ಜಿಮ್ ಗೆಟಿಸ್ ಅದರ ಮೊದಲ ಶಿಲ್ಪಿಗಳು. ಆರಂಭದ ಮೂರು ವರ್ಷಗಳಲ್ಲಿ ಅದರ ಪ್ರೊಟೊಕಾಲ್ ಮತ್ತೆ ಮತ್ತೆ ಬದಲಾಯಿತು. 1987ರ ಸೆಪ್ಟೆಂಬರ್‌ನಲ್ಲಿ ಹನ್ನೊಂದನೆಯ ಆವೃತ್ತಿ ಬಂತು. ಅಲ್ಲಿಂದ ಮುಂದೆ ಆ ಸಂಖ್ಯೆ ಕದಲಲೇ ಇಲ್ಲ. ಮೂಲ ಪ್ರೊಟೊಕಾಲನ್ನು ಮುಟ್ಟದೆ, ಹೊಸದೇನು ಬೇಕಾದರೂ ಎಕ್ಸ್‌ಟೆನ್ಶನ್ ಆಗಿ ಸೇರಿಸಬಹುದು ಎಂಬ ಏರ್ಪಾಡೇ ಅದಕ್ಕೆ ಕಾರಣ. ಎಕ್ಸ್‌ನ ದೀರ್ಘಾಯುಷ್ಯವೂ ಅದರ ಹೊರೆಯೂ ಇದೇ ನಿರ್ಧಾರದಿಂದ ಬಂದವು: ಒಮ್ಮೆ ಒಳಸೇರಿದ್ದನ್ನು ಹೊರಹಾಕುವ ದಾರಿ ಇರಲಿಲ್ಲ.

ಪಿಸಿಗಳಿಗೆ ಎಕ್ಸ್ ಅನ್ನು ತಲುಪಿಸಿದ್ದು 1992ರಲ್ಲಿ ಶುರುವಾದ ಎಕ್ಸ್‌ಫ್ರೀ86 ಯೋಜನೆ. ಗ್ರಾಫಿಕ್ಸ್ ಕಾರ್ಡನ್ನು ನಿಭಾಯಿಸಲು ಆಗಿನ ಕರ್ನಲ್‌ಗಳಲ್ಲಿ ತಕ್ಕ ಸೌಲಭ್ಯವಿರಲಿಲ್ಲವಾದ್ದರಿಂದ ಆ ಕೆಲಸವನ್ನೆಲ್ಲ ಎಕ್ಸ್‌ನ ಸರ್ವರ್, ಅಂದರೆ ಪರದೆಯನ್ನು ನಿಭಾಯಿಸುವ ಪ್ರೋಗ್ರಾಂ, ತಾನೇ ಹೊತ್ತುಕೊಂಡಿತು. ಪಿಸಿಐ ಬಸ್ಸನ್ನು ಅದೇ ಶೋಧಿಸುತ್ತಿತ್ತು, ಡ್ರೈವರ್‌ಗಳನ್ನು ತನ್ನದೇ ಲೋಡರ್‌ನಿಂದ ತುಂಬಿಕೊಳ್ಳುತ್ತಿತ್ತು. ಕಾರ್ಡಿನ ಬಯಾಸ್ ಓಡಿಸಲು ಅದರೊಳಗೇ ಒಂದು ಪ್ರೊಸೆಸರ್ ಎಮ್ಯುಲೇಟರ್ ಕೂಡ ಇತ್ತು. ಒಂದು ಗ್ರಾಫಿಕ್ಸ್ ಪ್ರೋಗ್ರಾಂ ಅರ್ಧ ಆಪರೇಟಿಂಗ್ ಸಿಸ್ಟಂ ಆಗಿ ಬೆಳೆದಿತ್ತು, ಅದೂ ರೂಟ್ ಅಧಿಕಾರದೊಂದಿಗೆ.

2004ರಲ್ಲಿ ಎಕ್ಸ್‌ಫ್ರೀ86ರ ಲೈಸೆನ್ಸ್ ಬದಲಾದಾಗ ಲಿನಕ್ಸ್ ವಿತರಣೆಗಳು ಅದನ್ನು ಬಿಟ್ಟು ಎಕ್ಸ್.ಆರ್ಗ್ ಎಂಬ ಇನ್ನೊಂದು ಎಕ್ಸ್ ಯೋಜನೆಯ ಕಡೆ ಬಂದವು. ನಿಜವಾದ ಶುಚಿಕಾರ್ಯ ಇಲ್ಲಿಂದ ಮೊದಲಾಯಿತು. 2005ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಎಕ್ಸ್11ಆರ್7.0ರಲ್ಲಿ ಒಂದೇ ದೊಡ್ಡ ರಾಶಿಯಾಗಿದ್ದ ಕೋಡ್ ಬಿಡಿ ಮಾಡ್ಯೂಲ್‌ಗಳಾಯಿತು. ಒಂದು ಡ್ರೈವರ್ ತಿದ್ದಲು ಇಡೀ ವ್ಯವಸ್ಥೆಯನ್ನು ಕಂಪೈಲ್ ಮಾಡಬೇಕಾದ ಕಷ್ಟ ತಪ್ಪಿತು. ಬಳಿಕ ಒಳಗಿನ ಲೋಡರ್ ಹೋಯಿತು, ಮುದ್ರಣಕ್ಕೆಂದು ಸೇರಿಸಿದ್ದ ಎಕ್ಸ್‌ಪ್ರಿಂಟ್ ಹೋಯಿತು. 2009ರ ಲಿನಕ್ಸ್ 2.6.29ರಿಂದ ಪರದೆಯ ರೆಸಲ್ಯೂಶನ್ ನಿರ್ಧರಿಸುವ ಹೊಣೆ ಕರ್ನಲ್‌ಗೆ ದಾಟಲಾರಂಭಿಸಿತು. ಹೊಗಳಿಕೆ ಸಿಗದ ಕೆಲಸವಿದು. ಆದರೆ ಮುಂದಿನ ಎಲ್ಲಕ್ಕೂ ನೆಲ ಸಿದ್ಧವಾದದ್ದು ಇದರಿಂದಲೇ.

ಅಕ್ಷರಗಳ ವಿಷಯದಲ್ಲಿ ಬದಲಾವಣೆ ಇನ್ನೂ ಮೊದಲೇ ಆಗಿತ್ತು, ಕನ್ನಡ ಓದುಗರಿಗೆ ಅದು ನೇರವಾಗಿ ಸಂಬಂಧಿಸಿದ್ದು. ಮೂಲ ಎಕ್ಸ್‌ನಲ್ಲಿ ಫಾಂಟುಗಳು ಸರ್ವರ್ ಬಳಿ ಇರುತ್ತಿದ್ದವು, ಒಂದು ಸಂಕೇತಕ್ಕೆ ಒಂದು ಆಕಾರ ಎಂಬುದೇ ಅಲ್ಲಿನ ಕ್ರಮ. ಇಂಗ್ಲಿಷಿಗೆ ಅಷ್ಟು ಸಾಕು. ‘ಲಕ್ಷ್ಮಿ’, ‘ಸ್ತ್ರೀ’ಯಂಥ ಪದಗಳಲ್ಲಿ ವ್ಯಂಜನಗಳು ಒತ್ತಾಗಿ ಕೆಳಗಿಳಿಯುತ್ತವೆ, ಸ್ವರಚಿಹ್ನೆ ಸೇರಿದಾಗ ಅಕ್ಷರದ ರೂಪವೇ ಬದಲಾಗುತ್ತದೆ. ಆ ಹಳೆಯ ಕ್ರಮದಲ್ಲಿ ಇದಕ್ಕೆ ಎಡೆಯೇ ಇರಲಿಲ್ಲ. ಕೀತ್ ಪ್ಯಾಕರ್ಡ್ ರೂಪಿಸಿದ ಎಕ್ಸ್‌ರೆಂಡರ್ ಮತ್ತು ಎಕ್ಸ್‌ಎಫ್‌ಟಿ ಬಂದ ಮೇಲೆ ಅಕ್ಷರ ರೂಪಿಸುವ ಕೆಲಸ ಅಪ್ಲಿಕೇಶನ್‌ಗಳ ಪಾಲಾಯಿತು. ಸರ್ವರ್ ಸಿದ್ಧಚಿತ್ರವನ್ನು ಪರದೆಗೆ ಒತ್ತಿದರೆ ಸಾಕು. ಪ್ಯಾಂಗೊ, ಆಮೇಲೆ ಹಾರ್ಫ್‌ಬಜ್ ಎಂಬ ಲೈಬ್ರರಿಗಳು ಕನ್ನಡದ ಒತ್ತಕ್ಷರಗಳನ್ನು ಜೋಡಿಸಲು ಈ ವ್ಯವಸ್ಥೆಯಲ್ಲಿ ಜಾಗ ಸಿಕ್ಕಿತು.

ಹೀಗೆ ಅಕ್ಷರ ಹೊರಹೋಯಿತು, ಯಂತ್ರಾಂಶ ಹೊರಹೋಯಿತು. 2004ರ ಕಾಂಪೊಸಿಟ್ ಎಕ್ಸ್‌ಟೆನ್ಶನ್‌ನಿಂದ ವಿಂಡೋಗಳನ್ನು ಒಟ್ಟುಗೂಡಿಸಿ ಅಂತಿಮ ಚಿತ್ರ ಕಟ್ಟುವ ಕೆಲಸವೂ ಬೇರೊಂದು ಪ್ರೋಗ್ರಾಂಗೆ, ಅಂದರೆ ಕಾಂಪೊಸಿಟರ್‌ಗೆ ದಕ್ಕಿತು. ಸರ್ವರ್ ಉಳಿದದ್ದು ನಡುವಿನ ದಲ್ಲಾಳಿಯಾಗಿ. ಶುಚಿಗೊಳಿಸಲಾಗದ ದೋಷಗಳೂ ಆಗ ಸ್ಪಷ್ಟವಾದವು. ಪರದೆಯ ಮೇಲಿರುವ ಪ್ರೋಗ್ರಾಂಗಳೆಲ್ಲ ಒಂದನ್ನೊಂದು ನಂಬಬಹುದೆಂಬ 1987ರ ಎಣಿಕೆಯಿಂದಾಗಿ, ಒಂದು ಅಪ್ಲಿಕೇಶನ್‌ನಲ್ಲಿ ಒತ್ತಿದ ಕೀಲಿಗಳನ್ನು ಇನ್ನೊಂದು ಕದ್ದು ಓದಬಹುದಿತ್ತು. ಇದು ಕೋಡಿನ ತಪ್ಪಲ್ಲ, ಪ್ರೊಟೊಕಾಲ್‌ನ ಸ್ವಭಾವ. ಕೋಡಿನಲ್ಲಿಯೂ ಹಳೆಯ ತಪ್ಪುಗಳು ಅಡಗಿದ್ದವು: ಫಾಂಟ್ ಲೈಬ್ರರಿಯಲ್ಲಿ 1991ರಿಂದ ಇದ್ದ ಒಂದು ಭದ್ರತಾ ದೋಷ ಬಹಿರಂಗವಾದದ್ದು 2014ರ ಜನವರಿಯಲ್ಲಿ.

2008ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ವೇಲ್ಯಾಂಡ್ ಆರಂಭಿಸಿದರು. ಅವರು ಹೊರಗಿನವರಲ್ಲ, ಎಕ್ಸ್‌ನ ಗ್ರಾಫಿಕ್ಸ್ ವೇಗವರ್ಧನೆಯ ಮೇಲೇ ದುಡಿದವರು. ದಲ್ಲಾಳಿಯನ್ನು ತೆಗೆದು ಕಾಂಪೊಸಿಟರನ್ನೇ ಸರ್ವರ್ ಮಾಡುವುದು ಅವರ ಯೋಚನೆ. ಚಿತ್ರ ಬಿಡಿಸುವ ಆದೇಶಗಳೇ ವೇಲ್ಯಾಂಡ್‌ನಲ್ಲಿ ಇಲ್ಲ. ಅಪ್ಲಿಕೇಶನ್ ತನ್ನ ಚಿತ್ರವನ್ನು ತಾನೇ ಸಿದ್ಧಪಡಿಸಿ ಒಪ್ಪಿಸುತ್ತದೆ. ಕರ್ನಲ್ ಡ್ರೈವರ್‌ಗಳು, ಹೊರಗಿನ ಅಕ್ಷರ ಲೈಬ್ರರಿಗಳು ಮೊದಲೇ ಇದ್ದವಾದ್ದರಿಂದ ಇಷ್ಟು ಚಿಕ್ಕ ಪ್ರೊಟೊಕಾಲ್ ಸಾಕಾಯಿತು. ಮರುರಚನೆಯನ್ನು ದುರಸ್ತಿಯ ವಿರುದ್ಧ ನಿಲ್ಲಿಸುವವರು ಗಮನಿಸಬೇಕಾದ ಅಂಶವಿದು: ಹಳೆಯ ಸರ್ವರ್ ಇಪ್ಪತ್ತು ವರ್ಷ ಹೊತ್ತಿದ್ದನ್ನು ಕೆಳಗಿಳಿಸದೆ ಹೋಗಿದ್ದರೆ ಹೊಸದು ಅದನ್ನೆಲ್ಲ ಮತ್ತೆ ಬರೆಯಬೇಕಾಗುತ್ತಿತ್ತು.

ಆದರೂ ಬೆಲೆ ದೊಡ್ಡದೇ. 2012ರ ಅಕ್ಟೋಬರ್‌ನಲ್ಲಿ ವೇಲ್ಯಾಂಡ್ 1.0 ಬಂದಾಗ ಬಳಕೆದಾರರು ಸಹಜವೆಂದುಕೊಂಡಿದ್ದ ಎಷ್ಟೋ ಸೌಲಭ್ಯಗಳು ಅದರಲ್ಲಿರಲಿಲ್ಲ. ಸ್ಕ್ರೀನ್‌ಶಾಟ್, ಪರದೆ ಹಂಚಿಕೆ, ದೂರದ ಯಂತ್ರದ ಪ್ರೋಗ್ರಾಂ ಇಲ್ಲಿ ಕಾಣಿಸುವುದು, ಅಂಧ ಬಳಕೆದಾರರ ನೆರವಿನ ಸಾಧನಗಳು, ಇನ್‌ಪುಟ್ ಮೆಥಡ್‌ಗಳು—ಎಲ್ಲಕ್ಕೂ ಹೊಸ ದಾರಿ ಹುಡುಕಬೇಕಾಯಿತು. ಪ್ರತಿ ಡೆಸ್ಕ್‌ಟಾಪ್ ಯೋಜನೆಯೂ ತನ್ನದೇ ಕಾಂಪೊಸಿಟರ್ ಬರೆಯಬೇಕಾದ್ದರಿಂದ ಒಂದೇ ಕೆಲಸ ಹಲವೆಡೆ ನಡೆಯಿತು. ಉಬುಂಟು ತಯಾರಕ ಸಂಸ್ಥೆ ಕೆನಾನಿಕಲ್ 2013ರಲ್ಲಿ ಮಿರ್ ಎಂಬ ಪ್ರತ್ಯೇಕ ವ್ಯವಸ್ಥೆ ಘೋಷಿಸಿ ಶಕ್ತಿಯನ್ನು ಇನ್ನಷ್ಟು ಹಂಚಿತು. ಎನ್‌ವಿಡಿಯಾ ಡ್ರೈವರ್‌ಗಳು ಉಳಿದವರ ಬಫರ್ ಪದ್ಧತಿಗೆ ಒಗ್ಗಿದ್ದು 2021ರಲ್ಲಿ.

ಈ ಸುದೀರ್ಘ ನಡುಗಾಲವನ್ನು ದಾಟಿಸಿದ್ದು ಎಕ್ಸ್‌ವೇಲ್ಯಾಂಡ್. ಹಳೆಯ ಎಕ್ಸ್ ಸರ್ವರನ್ನೇ ವೇಲ್ಯಾಂಡ್‌ನ ಕ್ಲೈಂಟ್ ಆಗಿ ಓಡಿಸಿ, ಹಳೆಯ ಅಪ್ಲಿಕೇಶನ್‌ಗಳನ್ನು ತಿದ್ದದೆ ಬಳಸಲು ಅದು ಅನುವು ಮಾಡಿತು. ಲಿನಕ್ಸ್ ವಿತರಣೆಯಾದ ಫೆಡೋರಾ 25, 2016ರಲ್ಲಿ ವೇಲ್ಯಾಂಡನ್ನು ಗ್ನೋಮ್ ಡೆಸ್ಕ್‌ಟಾಪ್‌ನ ಮೊದಲ ಆಯ್ಕೆ ಮಾಡಿತು. ಉಬುಂಟು 17.10ರಲ್ಲಿ ಅದನ್ನು ಅಳವಡಿಸಿ, 18.04ರಲ್ಲಿ ಎಕ್ಸ್‌ಗೆ ಹಿಂದಿರುಗಿ, 21.04ರಲ್ಲಿ ಮತ್ತೆ ಅತ್ತ ಹೊರಳಿತು. 2025ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ರಲ್ಲಿ ಸ್ವತಂತ್ರ ಎಕ್ಸ್.ಆರ್ಗ್ ಸರ್ವರ್ ಇಲ್ಲ, ಎಕ್ಸ್‌ವೇಲ್ಯಾಂಡ್ ಇದೆ.