ಹಳೇ ಡಬ್ಬಿ, ಹೊಸ ಡಬ್ಬಿ: ಏರ್ ರೈಫಲ್ ಪೆಲೆಟ್‌ನಿಂದ ಮೈಸೂರು ರಾಕೆಟ್‌ವರೆಗೆ

ಈ ಸಲದ ಕಥೆ ಶುರುವಾಗೋದು ಒಂದು ತಗಡಿನ ಡಬ್ಬಿಯಿಂದ. ಬೂಟ್ ಪಾಲಿಶ್ ಡಬ್ಬಿಯಷ್ಟೇ ಗಾತ್ರ. ಒಳಗೆ 500 ಸೀಸದ ಗುಂಡು. ದಸರಾ ವಸ್ತುಪ್ರದರ್ಶನದಲ್ಲಿ ಬಲೂನ್‌ಗೆ ಗುರಿ ಇಟ್ಟು ಹೊಡೆದಿರ್ತೀರಲ್ಲ, ಅದರ ದೊಡ್ಡಪ್ಪನ ಮಗ ಅಂದ್ಕೊಳ್ಳಿ. ಇದು ಸ್ಪರ್ಧೆಗೆ ಬಳಸೋ ಪೆಲೆಟ್.

ನನ್ನ ಚಿಕ್ಕಮ್ಮನ ಮಗಳು 10 ಮೀಟರ್ ಏರ್ ರೈಫಲ್ ಶೂಟರ್. ಹೋದ ತಿಂಗಳು ಒಂದು ಭಾನುವಾರ ಅವಳನ್ನ ರೇಂಜ್‌ಗೆ ಬಿಡೋಕೆ ಹೋಗಿದ್ದೆ. ಅರ್ಧ ಗಂಟೆಗೆ ಮುಖ ಸಣ್ಣದು ಮಾಡ್ಕೊಂಡು ಹೊರಗೆ ಬಂದಳು.

“ಅಣ್ಣ, ಡಬ್ಬಿ ಬೇರೆ ಬಂದಿದೆ.”

“ಅದೇ ಕಂಪನಿ, ಅದೇ ಹೆಸರು ಅಲ್ವೇನೇ?”

“ಹೆಸರು ಅದೇ. ಲಾಟ್ ನಂಬರ್ ನೋಡು.”

ಡಬ್ಬಿಯ ಹಿಂದೆ ಸಣ್ಣ ಚೀಟಿಯಲ್ಲಿರೋ ನಂಬರನ್ನ ನಾನು ಯಾವತ್ತೂ ಗಮನಿಸಿರಲಿಲ್ಲ. ಅವಳು ಎರಡು ಕಾರ್ಡ್ ತೋರಿಸಿದಳು. ಮೇಜಿನ ಮೇಲೆ ಒರಗು ಕೊಟ್ಟು, ಕೈ ನಡುಕ ಇಲ್ಲದ ಹಾಗೆ ಹತ್ತತ್ತು ಗುಂಡು ಹೊಡೆದ ಕಾರ್ಡ್. ಹಳೇ ಡಬ್ಬಿದರಲ್ಲಿ ಕಡಲೆಕಾಳಿನಷ್ಟು ಒಂದೇ ತೂತು. ಹೊಸ ಡಬ್ಬಿದರಲ್ಲಿ ತೂತಿನ ಅಂಚು ಹರಿದಿದೆ, ಎರಡು ಗುಂಡು ಪಕ್ಕಕ್ಕೆ ಬೇರೆ ಮನೆ ಮಾಡಿವೆ.

ಇಷ್ಟಕ್ಕೆಲ್ಲ ತಲೆ ಕೆಡಿಸ್ಕೊಬೇಕಾ ಅಂದೆ. ಅವಳು ಲೆಕ್ಕ ಹೇಳಿದಳು, ನಾನು ಬಿ.ಕಾಂ., ತೆಪ್ಪಗೆ ಕೇಳಿಸ್ಕೊಂಡೆ. 10 ಮೀಟರ್ ರೈಫಲ್ ಗುರಿಯ ನಡುವಿನ ಚುಕ್ಕಿ ಬರೀ 0.5 ಮಿ.ಮೀ. ಗುಂಡು 4.5 ಮಿ.ಮೀ. ಗುಂಡು ಕಾಲು ಮಿ.ಮೀ. ಆಚೆ ಹೋದ್ರೆ 0.1 ಅಂಕ ಕಟ್. 2013ರಿಂದ ಅರ್ಹತಾ ಸುತ್ತಿನಲ್ಲೂ ಈ ದಶಮಾಂಶ ಎಣಿಸ್ತಾರೆ. ಒಟ್ಟು 60 ಶಾಟ್, ಪ್ರತಿ ಶಾಟ್‌ಗೆ ಹೆಚ್ಚಂದ್ರೆ 10.9, ಅಂದ್ರೆ ಗರಿಷ್ಠ 654. ಸರಾಸರಿ 0.1 ಕಳ್ಕೊಂಡ್ರೆ 6 ಅಂಕ ಹೋಯ್ತು. ಆಯ್ಕೆ ಪಟ್ಟಿಯಲ್ಲಿ 6 ಅಂಕದ ನಡುವೆ ಎಷ್ಟು ಜನ ಕೂತಿರ್ತಾರೆ ಅಂತ ಶೂಟಿಂಗ್ ಆಡೋ ಮಕ್ಕಳ ಅಪ್ಪ ಅಮ್ಮಂದಿರನ್ನ ಕೇಳಿ.

ಒಂದೇ ಹೆಸರಿನ ಎರಡು ಡಬ್ಬಿ ಬೇರೆ ಬೇರೆ ಆಗೋದು ಹೇಗೆ? ಸೀಸದ ತಂತಿಯನ್ನ ತುಂಡು ಮಾಡಿ, ಅಚ್ಚಿನಲ್ಲಿಟ್ಟು ಒತ್ತಿದ್ರೆ ಪೆಲೆಟ್. ಒಂದೊಂದರ ತೂಕ ಅರ್ಧ ಗ್ರಾಂಗಿಂತ ಚೂರು ಜಾಸ್ತಿ. ಲಕ್ಷಗಟ್ಟಲೆ ಒತ್ತಿದ ಮೇಲೆ ಅಚ್ಚು ಸವೆಯುತ್ತೆ, ಹೊಸ ಅಚ್ಚು ಹಾಕ್ತಾರೆ. ಸೀಸದ ಮಿಶ್ರಣ ಕೂದಲೆಳೆಯಷ್ಟು ಗಟ್ಟಿ ಅಥವಾ ಮೆದು ಆಗುತ್ತೆ. ಪೆಲೆಟ್‌ನ ತಲೆ 4.49 ಇರಬಹುದು, 4.50, 4.51 ಇರಬಹುದು. ಹಿಂದಿನ ತೆಳು ಲಂಗ ನಳಿಕೆಗೆ ಸರಿಯಾಗಿ ಕಚ್ಚದಿದ್ರೆ ಗಾಳಿ ಸೋರಿ ವೇಗ ಏರುಪೇರು. ಇನ್ನೊಂದು ವಿಷಯ, ಒಂದು ರೈಫಲ್‌ಗೆ ಒಗ್ಗದ ಲಾಟ್ ಇನ್ನೊಂದಕ್ಕೆ ಚೆನ್ನಾಗಿ ಒಗ್ಗಬಹುದು. ಅದಕ್ಕೇ ದೊಡ್ಡ ಶೂಟರ್‌ಗಳು ರೈಫಲ್ಲನ್ನ ಹಿಡಿಕೆಗೆ ಬಿಗಿದು ಹತ್ತಾರು ಲಾಟ್ ಪರೀಕ್ಷಿಸಿ, ಒಗ್ಗಿದ ಲಾಟನ್ನ ರಾಶಿ ಕೊಂಡು ಇಟ್ಕೋತಾರೆ. ನಮ್ಮಂಥವರು ಅಂಗಡಿಯವರು ಏನು ಕೊಟ್ರೆ ಅದು.

ಒಂದೇ ಥರ ಮಾಡೋದು ಇಷ್ಟು ಕಷ್ಟಾನಾ ಅಂತ ಹುಡುಕ್ತಾ ಹೋದೆ. 1782ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ವಾಟ್ಸ್ ಅನ್ನೋನು ಒಂದು ಪೇಟೆಂಟ್ ಪಡೆದ. ಕರಗಿದ ಸೀಸವನ್ನ ಜರಡಿಯ ಮೂಲಕ ಎತ್ತರದಿಂದ ಕೆಳಗಿನ ನೀರಿಗೆ ಬೀಳಿಸೋದು. ಬೀಳ್ತಾ ಬೀಳ್ತಾ ಹನಿ ತಾನೇ ದುಂಡಗಾಗುತ್ತೆ. ಆಮೇಲೆ ಇಳಿಜಾರು ಹಲಗೆ ಮೇಲೆ ಉರುಳಿಸಿ, ಸೊಟ್ಟ ಇದ್ದವನ್ನ ಬೇರೆ ಮಾಡಿ ಮತ್ತೆ ಕರಗಿಸ್ತಿದ್ರು. ಮನೇಲಿ ಅಜ್ಜಿ ಮೊರದಲ್ಲಿ ಕಾಳು ಕೇರೋದೂ ಇದೇ ತಾನೇ!

ಅದೇ 1782ರ ಡಿಸೆಂಬರ್‌ನಲ್ಲಿ ಹೈದರಾಲಿ ತೀರಿಕೊಂಡ, ಟಿಪ್ಪು ಪಟ್ಟಕ್ಕೆ ಬಂದ. ಟಿಪ್ಪು ಹೆಸರು ಬಂದ ಕೂಡಲೇ ನಮ್ಮಲ್ಲಿ ಜಗಳ ಶುರುವಾಗುತ್ತೆ, ಗೊತ್ತು. ಇವತ್ತು ನಮಗೆ ಬೇಕಿರೋದು ಅವನ ಕಮ್ಮಾರರು.

ಮೈಸೂರು ರಾಕೆಟ್ ಅಂದ್ರೆ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಬಿದಿರಿನ ಗಳಕ್ಕೆ ಕಟ್ಟಿದ್ದು. ಯುರೋಪಿನ ರಾಕೆಟ್‌ಗಳಿಗೆ ಆಗ ಕಾಗದದ ಕೊಳವೆ. ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತೆ, ಹಾಗಾಗಿ ನಮ್ಮದು ದೂರ ಹೋಗ್ತಿತ್ತು. 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಯುದ್ಧದಲ್ಲಿ ಬ್ರಿಟಿಷರ ಮದ್ದಿನ ಬಂಡಿಗಳು ಸಿಡಿದದ್ದನ್ನ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆ ಮೇಲೆ ಬರೆದಿದ್ದಾರೆ. ಇಲ್ಲಿಂದ ಬೈಕಲ್ಲಿ ಅರ್ಧ ಗಂಟೆ, ಹೋಗಿ ನೋಡಿ.

ಆದ್ರೆ ಆ ಕೊಳವೆಗೆ ಅಚ್ಚು ಇರಲಿಲ್ಲ. ಕಬ್ಬಿಣ ಬಡಿಯೋದು ಕೈಯಲ್ಲಿ, ಮದ್ದು ಗಿಡಿಯೋದೂ ಕೈಯಲ್ಲಿ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ ನೆನಪಿಸ್ಕೊಳ್ಳಿ. ಹಳೇ ಬಿದನೂರು, 1763ರಲ್ಲಿ ಹೈದರ್ ವಶಕ್ಕೆ ಬಂದದ್ದು. ಅಲ್ಲಿನ ಬಾವಿಯೊಂದರಲ್ಲಿ 2018ರಲ್ಲಿ ಪುರಾತತ್ವ ಇಲಾಖೆಯವರಿಗೆ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು. ತುಕ್ಕು ಹಿಡಿದ ಕೊಳವೆಗಳು, ಗಾತ್ರ ಎಲ್ಲ ಒಂದೇ ಅಲ್ಲ. ಅದನ್ನ ಓದಿದಾಗ ನನಗೆ ಕಣ್ಮುಂದೆ ಬಂದಿದ್ದು ತಂಗಿಯ ಎರಡು ಕಾರ್ಡ್.

ಹಾಗಿದ್ರೆ ಯುದ್ಧದಲ್ಲಿ ಕೆಲಸ ಮಾಡಿದ್ದು ಹೇಗೆ? ಎರಡು ಉಪಾಯ. ಮೊದಲನೇದು, ರಾಕೆಟ್ ಹಾರಿಸೋ ಸಿಪಾಯಿಗೆ ತರಬೇತಿ ಇತ್ತು. ಕೊಳವೆಯ ದಪ್ಪ ನೋಡಿ, ಗುರಿಯ ದೂರ ನೋಡಿ, ಯಾವ ಕೋನದಲ್ಲಿ ಇಡಬೇಕು ಅಂತ ಅವನೇ ನಿರ್ಧರಿಸ್ತಿದ್ದ. ಕಾರ್ಖಾನೆ ಬಿಟ್ಟ ವ್ಯತ್ಯಾಸವನ್ನ ಮೈದಾನದಲ್ಲಿ ಅವನ ಕಣ್ಣು ಸರಿ ಮಾಡಬೇಕಿತ್ತು. ಎರಡನೇದು, ಒಂದನ್ನೇ ನಂಬ್ತಿರಲಿಲ್ಲ, ಒಟ್ಟಿಗೆ ಹಲವು ಬಿಡ್ತಿದ್ರು. ನಾಲ್ಕು ಸೊಟ್ಟ ಹೋದ್ರೂ ಉಳಿದವು ಕುದುರೆ, ಎತ್ತು, ಬಂಡಿ ಎಲ್ಲ ದಿಕ್ಕಾಪಾಲು ಮಾಡ್ತಿದ್ವು. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆ ತೋಪಿನಲ್ಲಿ ಕರ್ನಲ್ ವೆಲ್ಲೆಸ್ಲಿಯ ಪಡೆ ಕತ್ತಲಲ್ಲಿ ರಾಕೆಟ್ಟು, ಬಂದೂಕಿನ ಏಟಿಗೆ ಹಿಂದೆ ಸರಿಯಿತು. ಮುಂದೆ ನೆಪೋಲಿಯನ್‌ನನ್ನ ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ. ಕೊನೆವರೆಗೂ ಅವನಿಗೆ ರಾಕೆಟ್ ಮೇಲೆ ಅಷ್ಟೇನೂ ಪ್ರೀತಿ ಹುಟ್ಟಲಿಲ್ಲ.

ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಬ್ರಿಟಿಷರಿಗೆ ಅಲ್ಲಿ ಸಿಕ್ಕಿದ್ದು 700 ಸಿದ್ಧ ರಾಕೆಟ್, 9000 ಖಾಲಿ ಕೊಳವೆ ಅನ್ನೋ ಲೆಕ್ಕ ಇದೆ. ಕಾಮರ್ಸ್ ಓದಿದ ಕಣ್ಣಿಗೆ ಆ ಎರಡನೇ ಸಂಖ್ಯೆಯೇ ದೊಡ್ಡದಾಗಿ ಕಾಣುತ್ತೆ. ಕಚ್ಚಾ ದಾಸ್ತಾನು ತುಂಬಿ ತುಳುಕ್ತಿದೆ, ಮುಗಿದ ಮಾಲು ಕಡಿಮೆ. ಕೊಳವೆ ಬಡಿಯೋ ಕೈ ಮುಂದೆ ಓಡಿದೆ, ಮದ್ದು ತುಂಬೋ ಕೆಲಸ ಹಿಂದೆ ಬಿದ್ದಿದೆ. ಇದು ನನ್ನ ಊಹೆ ಅಷ್ಟೆ.

ಕೆಲವು ರಾಕೆಟ್ ಇಂಗ್ಲೆಂಡಿನ ವೂಲಿಚ್‌ಗೆ ಹೋದವು. ವಿಲಿಯಂ ಕಾಂಗ್ರೀವ್ ಮೊದಲು ಲಂಡನ್‌ನಲ್ಲಿ ಸಿಗೋ ದೊಡ್ಡ ಬಾಣಬಿರುಸು ಕೊಂಡು ಹಾರಿಸಿ ನೋಡಿದ. ಮೈಸೂರಿನ ರಾಕೆಟ್ ಹೋಗ್ತಿದ್ದ ದೂರದಲ್ಲಿ ಅರ್ಧಕ್ಕೆ ನಿಂತವು. ಆಮೇಲೆ ಅವನು ಕಬ್ಬಿಣದ ಕೊಳವೆ ಹಿಡಿದ, 32 ಪೌಂಡ್, 24 ಪೌಂಡ್ ಅಂತ ತೂಕದ ವರ್ಗ ಮಾಡಿದ, ಮದ್ದು ಗಿಡಿಯೋಕೆ ಯಂತ್ರ ತಂದ. 1806ರಲ್ಲಿ ಬೊಲೋನ್, 1807ರಲ್ಲಿ ಕೋಪನ್‌ಹೇಗನ್ ಮೇಲೆ ಹಾರಿದ್ದು ಅವೇ. ಈ ಪೂರ್ತಿ ಕಥೆಯನ್ನ 1985ರಲ್ಲಿ ವಿಜ್ಞಾನಿ ರೊದ್ದಂ ನರಸಿಂಹ ಬೆಂಗಳೂರಿನ ಎನ್‌ಎಎಲ್‌ನಲ್ಲಿದ್ದಾಗ ಬರೆದಿಟ್ಟಿದ್ದಾರೆ. ಕಲ್ಪನೆ ನಮ್ಮದು, ಅಳತೆಗೋಲು ಅವರದು ಅನ್ನೋದು ನನಗೆ ಸ್ವಲ್ಪ ಚುಚ್ಚುತ್ತೆ. ಆದ್ರೂ ಅಷ್ಟೆಲ್ಲ ಮಾಡಿದ ಮೇಲೂ ಕಾಂಗ್ರೀವ್ ರಾಕೆಟ್ ಗುರಿ ತಪ್ಪೋದು ನಿಲ್ಲಲಿಲ್ಲ. 1844ರಲ್ಲಿ ವಿಲಿಯಂ ಹೇಲ್ ಉದ್ದ ಕೋಲು ಕಿತ್ತು, ರಾಕೆಟ್ ತಿರುಗ್ತಾ ಹೋಗೋ ಹಾಗೆ ಮಾಡಿದ. ರೈಫಲ್ ನಳಿಕೆಯೊಳಗಿನ ಸುರುಳಿ ಗೆರೆ ಪೆಲೆಟ್‌ಗೆ ಮಾಡೋದೂ ಅದನ್ನೇ.

ಟಿಪ್ಪುವಿನ ಸಿಪಾಯಿಗಿದ್ದ ಎರಡನೇ ಉಪಾಯ ನನ್ನ ತಂಗಿಗಿಲ್ಲ. ಅವಳು ಒಟ್ಟಿಗೆ ಹತ್ತು ಬಿಡೋ ಹಾಗಿಲ್ಲ. ಉಳಿದಿರೋದು ಮೊದಲನೇದು ಮಾತ್ರ. ಈಗ ದಿನಾ ರಾತ್ರಿ ಊಟ ಆದ್ಮೇಲೆ ಹೊಸ ಡಬ್ಬಿ ಸುರ್ಕೊಂಡು, ಚಿನ್ನದಂಗಡಿಯವರು ಇಡೋಂಥ ಪುಟ್ಟ ತಕ್ಕಡಿಯಲ್ಲಿ ಒಂದೊಂದೇ ತೂಗಿ ಬೇರೆ ಮಾಡ್ತಾಳೆ. ಲಂಗ ಸೊಟ್ಟ ಇದ್ದದ್ದು ಅಭ್ಯಾಸಕ್ಕೆ. ಚಿಕ್ಕಮ್ಮ “ಅಕ್ಕಿ ಆರಿಸು ಅಂದ್ರೆ ಮಾತ್ರ ಆಗಲ್ಲ” ಅಂತ ಬೈತಾ ಇರ್ತಾರೆ.

ಹಳೇ ಡಬ್ಬಿಯಲ್ಲಿ 140 ಉಳಿದಿವೆ. ಆಯ್ಕೆ ಸ್ಪರ್ಧೆಗೆ 60, ಅದಕ್ಕೆ ಮುಂಚೆ ಸೈಟರ್‌ಗೆ ಇಪ್ಪತ್ತೋ ಇಪ್ಪತ್ತೈದೋ. ಡಬ್ಬಿಗೆ ಟೇಪ್ ಸುತ್ತಿ, ಬೀರುವಿನ ಮೇಲಿನ ಅರೆಯಲ್ಲಿ, ಚಿಕ್ಕಮ್ಮನ ರೇಷ್ಮೆ ಸೀರೆಗಳ ಹಿಂದೆ ಇಟ್ಟಿದ್ದಾಳೆ.