ಆರೈಕೆ ಮನೆಗಳ ದುಡಿಮೆಗಾರರು: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹಿನ್ನೆಲೆ

ದಿಕ್ಕಿಲ್ಲದವರಿಗೆ ಅನ್ನ, ಆಸರೆ, ಔಷಧ ಕೊಡುವ ಮನೆಗಳು ಮಲೆನಾಡಿನ ಅಂಚಿಗೆ ಹೊಸವಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಮಠದ 1162ರ ಶಾಸನವು ಬಡವರು, ಅನಾಥರು, ಕುಂಟರು, ಕುರುಡರಿಗೆ ಅಲ್ಲಿ ಊಟವಿತ್ತೆಂದೂ ರೋಗಿಗಳಿಗೆ ಔಷಧವಿತ್ತೆಂದೂ ಹೇಳುತ್ತದೆ. ಉಂಡವರ ಪಟ್ಟಿ ಅದರಲ್ಲಿದೆ. ಅವರನ್ನು ಎತ್ತಿ ಕೂರಿಸಿ ಉಣಿಸಿದವರ ಮಾತು ಆ ಪಟ್ಟಿಯಲ್ಲಿಲ್ಲ. ಅದಕ್ಕೂ ಮೊದಲು, 11ನೇ ಶತಮಾನದಲ್ಲಿ, ತಮಿಳುನಾಡಿನ ತಿರುಮುಕ್ಕೂಡಲ್ ದೇವಾಲಯದ ಚೋಳ ಶಾಸನವು 15 ಹಾಸಿಗೆಯ ಆತುರಶಾಲೆಯ ಜೊತೆಗೆ ವೈದ್ಯ, ಮೂಲಿಕೆ ತರುವವರು, ಶುಶ್ರೂಷೆಯ ಹೆಂಗಸರು, ಇವರಿಗೆಲ್ಲ ಸಲ್ಲಬೇಕಾದ ಭತ್ತ ಮತ್ತು ಕಾಸನ್ನೂ ಬರೆದಿಟ್ಟಿತ್ತು.

ಕಡೂರಿನ ಬಯಲು ಹಳ್ಳಿಗಳಲ್ಲಿಯೂ ತರೀಕೆರೆಯ ಕಾಡಂಚಿನಲ್ಲಿಯೂ ಆರೈಕೆ ಬಹುಕಾಲ ಮನೆಯ ಹೆಂಗಸರ ಪಾಲಿನ ಕೆಲಸವಾಗಿತ್ತು. ಮನೆಯ ಹೊರಗಿನಿಂದ ಬರುತ್ತಿದ್ದವಳು ಸೂಲಗಿತ್ತಿ. ಹೆರಿಗೆ ಮಾಡಿಸಿ, ಬಾಣಂತಿಗೆ ಎಣ್ಣೆ ತಿಕ್ಕಿ, ಕೂಸನ್ನು ಕಾಲ ಮೇಲೆ ಮಲಗಿಸಿ ನೀರೆರೆದು ಹೋಗುವ ಅವಳಿಗೆ ಮೊರದಲ್ಲಿ ಅಕ್ಕಿ, ಎಲೆಅಡಿಕೆ, ಉಳ್ಳವರ ಮನೆಯಲ್ಲಾದರೆ ಒಂದು ಸೀರೆ ಸಲ್ಲುತ್ತಿತ್ತು. ಹಿರಿಯಳ ಜೊತೆ ಹೋಗಿ ನೋಡಿ ಕಲಿತದ್ದೇ ಅವಳ ತರಬೇತಿ.

1947ರವರೆಗೆ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಈ ಮೂರೂ ತಾಲ್ಲೂಕುಗಳು ಸೇರಿವೆ. ಅಜ್ಜಂಪುರ ಈಚೆಗಷ್ಟೇ ತರೀಕೆರೆಯಿಂದ ಬೇರ್ಪಟ್ಟಿತು. ಸ್ವಾತಂತ್ರ್ಯಾನಂತರ ಆರೈಕೆ ಸರ್ಕಾರದ ಹೊಣೆಯೂ ಆಯಿತು. 1964ರ ಮೈಸೂರು ಮಕ್ಕಳ ಕಾಯ್ದೆ, ಆಮೇಲೆ 1986, 2000 ಮತ್ತು 2015ರ ಬಾಲನ್ಯಾಯ ಕಾಯ್ದೆಗಳು ಬಾಲಮಂದಿರಗಳಿಗೆ ಚೌಕಟ್ಟು ಕೊಟ್ಟವು. 2016ರ ಮಾದರಿ ನಿಯಮಗಳು 100 ಮಕ್ಕಳ ಮಂದಿರಕ್ಕೆ 4 ಮಂದಿ ಗೃಹಮಾತೆ ಅಥವಾ ಗೃಹಪಿತರನ್ನು ಸೂಚಿಸಿದವು. ಹಗಲು, ರಾತ್ರಿ, ವಾರದ ರಜೆ ಎಂದು ಹಂಚಿದರೆ ಒಂದು ಪಾಳಿಯಲ್ಲಿ ಒಬ್ಬರೋ ಇಬ್ಬರೋ ಉಳಿಯುತ್ತಾರೆ. 2007ರ ಹಿರಿಯ ನಾಗರಿಕರ ಕಾಯ್ದೆಯು ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿ ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದೆಂದಿತು.

ಆದರೆ ಅಲ್ಲಿ ದುಡಿಯುವವರ ವಿಷಯದಲ್ಲಿ ಕಾನೂನು ಕೈ ಬಿಗಿಹಿಡಿದೇ ಉಳಿಯಿತು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ದುಡಿಮೆಗೆ ಮಿತಿ ಹಾಕಿದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, ಅಶಕ್ತರ ಹಾಗೂ ಮಾನಸಿಕ ಅಸ್ವಸ್ಥರ ಆರೈಕೆಯ ಸಂಸ್ಥೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು.

ತರಬೇತಿ ಇನ್ನೂ ತಡವಾಗಿ ಬಂತು. ರಾಷ್ಟ್ರೀಯ ಸಾಮಾಜಿಕ ರಕ್ಷಣಾ ಸಂಸ್ಥೆ 2000ದಿಂದ ಹಿರಿಯರ ಆರೈಕೆಯ ಕೋರ್ಸುಗಳನ್ನು ನಡೆಸಿತು. ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮರೆವಿನ ಕಾಯಿಲೆಯವರ ಆರೈಕೆಗೂ ಕೆಲಸಗಾರರನ್ನು ಸಿದ್ಧಗೊಳಿಸಿತು. ಕಲಿಯಬೇಕಾದದ್ದು ಸಣ್ಣದೇನಲ್ಲ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಸೊಂಟದಲ್ಲಿ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಮಲಗಿದ್ದಂತೆಯೇ ಗಂಜಿ ಕುಡಿಸಿದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಎತ್ತುವ ಬಗೆ ತಿಳಿಯದಿದ್ದರೆ ಆಯಾಳ ಬೆನ್ನೇ ಹಾಳಾಗುತ್ತದೆ. ರಾತ್ರಿಯಿಡೀ ಎಚ್ಚರವಿದ್ದು ಈ ಕೆಲಸ ಮಾಡುವವರಿಗೆ ಕಲಿಕೆ, ವಿರಾಮ, ತಕ್ಕ ಸಂಬಳ ಮೂರೂ ಸಿಕ್ಕಾಗಲೇ ಆಶ್ರಯ ಪಡೆದವರಿಗೆ ಸರಿಯಾದ ಆರೈಕೆ ಸಿಗುತ್ತದೆ.