ಡಾಕ್ಟರು ಮಕ್ಕಳು ಹಿಡಿದ ದಾರಿ

"ಸರಕಾರದ ದುಡ್ಡಲ್ಲಿ ಕಲಿತು ಅಮೆರಿಕಕ್ಕೆ ಹಾರಿದ" ಅನ್ನುವ ಮಾತು ಊರಿಗೆ ಹೋದಾಗಲೆಲ್ಲ ಕಿವಿಗೆ ಬೀಳುತ್ತದೆ. ಬ್ಯಾಂಕಿನ ಕೆಲಸಕ್ಕೆಂದು ಉಡುಪಿ ಬಿಟ್ಟು ಮುಂಬಯಿ ಸೇರಿದ ನನ್ನಂಥವರನ್ನು ಯಾರೂ ಹೀಗೆ ಬಯ್ದದ್ದಿಲ್ಲ. ಡಾಕ್ಟರರ ಮೇಲೆ ಮಾತ್ರ ಸಿಟ್ಟು ಯಾಕೆ ಅಂತ ನೋಡಬೇಕಾದರೆ ಹಳೆಯ ಲೆಕ್ಕ ತೆಗೆಯಬೇಕು.

ನಮ್ಮ ವೈದ್ಯಶಿಕ್ಷಣ ಮೊದಲಿಂದಲೂ ಬ್ರಿಟನ್ನಿನ ಅಳತೆಗೆ ಹೊಲಿದ ಅಂಗಿ. ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜು 1845ರದು, ಪಾಠ ಇಂಗ್ಲಿಷಿನಲ್ಲಿ. ಡಿಗ್ರಿಗೆ ಬೆಲೆ ಕಟ್ಟುವವರೂ ಅಲ್ಲಿಯವರೇ. 1930ರಲ್ಲಿ ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ನಮ್ಮ ಡಿಗ್ರಿಗಳ ಮಾನ್ಯತೆ ನಿಲ್ಲಿಸಿದ ಮೇಲೆಯೇ 1933ರ ಕಾಯಿದೆ ಬಂದು ಭಾರತದ್ದೇ ಒಂದು ಮೆಡಿಕಲ್ ಕೌನ್ಸಿಲ್ ಆಯಿತು.

1948ರಲ್ಲಿ ಬ್ರಿಟನ್ ಎಲ್ಲರಿಗೂ ಉಚಿತ ಆರೋಗ್ಯ ಸೇವೆ ಶುರುಮಾಡಿತು. ಡಾಕ್ಟರು ಸಾಲಲಿಲ್ಲ. ಮುದುಕರ ವಾರ್ಡು, ಮಾನಸಿಕ ಆಸ್ಪತ್ರೆ ಮುಂತಾಗಿ ಅವರ ಹುಡುಗರು ಬೇಡವೆಂದ ಜಾಗಗಳಿಗೆ ನಮ್ಮವರು ಹೋದರು. ಸಾಕೆನಿಸಿದಾಗ ಬಾಗಿಲು ಹಾಕಿದ್ದೂ ಅವರೇ: 1975ರಲ್ಲಿ ಮಾನ್ಯತೆ ತೆಗೆದು ಪರೀಕ್ಷೆ ಇಟ್ಟರು, 2006ರಲ್ಲಿ ತರಬೇತಿಗೂ ವರ್ಕ್ ಪರ್ಮಿಟ್ ಬೇಕೆಂದರು. ಅಮೆರಿಕ 1965ರಲ್ಲಿ ದೇಶವಾರು ಕೋಟಾ ರದ್ದುಮಾಡಿತು. ಅದೇ ವರ್ಷ ಅಲ್ಲಿ ಹುಟ್ಟಿದ ಮೆಡಿಕೇರ್ ಯೋಜನೆಯ ಹಣದಿಂದಲೇ ಆಸ್ಪತ್ರೆಗಳು ರೆಸಿಡೆಂಟ್ ಡಾಕ್ಟರರನ್ನು ಸಾಕುತ್ತವೆ.

ಎಂಬತ್ತರ ದಶಕದಲ್ಲಿ ನಾನು ಮುಂಬಯಿಯ ಶಾಖೆಯೊಂದರಲ್ಲಿ ವಿದೇಶಿ ವಿನಿಮಯದ ಕೌಂಟರಿನಲ್ಲಿದ್ದೆ. ಡಾಲರಿಗೆ ಆಗ ಬಿಗಿ ಕಾಲ, ಒಂದೊಂದಕ್ಕೂ ಫಾರಮ್ಮು. ಪರೀಕ್ಷೆಯ ಫೀಸಿಗೆ ಡ್ರಾಫ್ಟ್ ಮಾಡಿಸಲು ಮೆಡಿಕಲ್ ಹುಡುಗರು ಬರೋರು, ರಾತ್ರಿ ಡ್ಯೂಟಿ ಮುಗಿಸಿದ ಕಣ್ಣು. ಯಾಕಪ್ಪಾ ಹೋಗ್ತೀರಿ ಅಂದರೆ ಸಂಬಳದ ಸುದ್ದಿ ಎತ್ತಿದವರು ಕಡಿಮೆ. "ಎಂ.ಡಿ. ಸೀಟು ಎಲ್ಲಿದೆ ಸಾರ್?" ಅನ್ನೋರು. ಎಂ.ಬಿ.ಬಿ.ಎಸ್. ಆದವರೆಲ್ಲರಿಗೂ ಆಗುವಷ್ಟು ಸೀಟು ಇರಲೇ ಇಲ್ಲ. ಬೇಕಾದ ವಿಷಯವೇ ಸಿಗುವುದು ಇನ್ನೂ ಕಷ್ಟ. ಖಾಸಗಿ ಕಾಲೇಜಿನಲ್ಲಿ ಕೊಳ್ಳಲು ಅಪ್ಪನ ಹತ್ತಿರ ಮಾರುವುದಕ್ಕೆ ತೋಟವಾದರೂ ಇರಬೇಕು! ಅಮೆರಿಕದಲ್ಲಾದರೆ ಪರೀಕ್ಷೆ ಪಾಸಾಗಿ ಆಸ್ಪತ್ರೆಯೊಂದು ತೆಗೆದುಕೊಂಡರೆ ಸಾಕು, ಸಂಬಳ ಪಡೆಯುತ್ತಲೇ ತಜ್ಞರಾಗಬಹುದು. ದುಡ್ಡಿನ ಆಸೆ ಇರಲಿಲ್ಲವೆಂದಲ್ಲ; ಅದು ಎರಡನೆಯ ಕಾರಣ.

ಹಾಗಂತ ಊರಿನವರ ಸಿಟ್ಟು ಪೂರಾ ಸುಳ್ಳಲ್ಲ. ದಿಲ್ಲಿಯ ಏಮ್ಸ್‌ನಲ್ಲಿ 1989ರಿಂದ 2000ದವರೆಗೆ ಓದಿ ಹೊರಬಂದವರ ಬಗೆಗಿನ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಶೇ. 54 ಮಂದಿ ವಿದೇಶದಲ್ಲಿದ್ದರು, ಹೆಚ್ಚಿನವರು ಅಮೆರಿಕದಲ್ಲಿ. ಹೆಚ್ಚು ಬಹುಮಾನ ಪಡೆದವರೇ ಹೆಚ್ಚಾಗಿ ಹೋಗಿದ್ದರು. ಖರ್ಚು ನಮ್ಮ ಪುಸ್ತಕದಲ್ಲಿ, ಜಮೆ ಅವರ ಪುಸ್ತಕದಲ್ಲಿ.

ಈ ಮಕ್ಕಳು ಕಳಿಸಿದ ಡಾಲರುಗಳನ್ನೂ ನಮ್ಮ ಬ್ಯಾಂಕಿನವರೇ ರೂಪಾಯಿ ಮಾಡಿದ್ದು. ಮೊದಲು ಮನೆಗೆ, ತಂಗಿಯ ಮದುವೆಗೆ ಅಂತ ಬರುತ್ತಿತ್ತು. ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಬಂದದ್ದರಲ್ಲಿ ಬಹಳಷ್ಟು ಅಪ್ಪ ಅಮ್ಮನ ಆಸ್ಪತ್ರೆ ಬಿಲ್ಲಿಗೆ.